ಶಿವಮೂರ್ತಪ್ಪನವರಿಗೆ ಮಾರಿದ ಸ್ಪೀಕರ್ ಜೋಡಿ

ಅಂದು ನನ್ನ ಅಂಗಡಿಯಲ್ಲಿ ನಡೆದದ್ದನ್ನು ನಾನು ಹೇಳುವಂತೆಯೇ ನಡೆಯಿತೆಂದು ಓದುಗರು ನಂಬಬೇಕಾಗಿಲ್ಲ. ಈ ಸಂಗತಿಯನ್ನು ನಾಲ್ಕೈದು ಸಲ ಬೇರೆ ಬೇರೆಯವರ ಮುಂದೆ ಹೇಳಿದ್ದೇನೆ. ಹೇಳಿದಷ್ಟೂ ಅದರಲ್ಲಿ ನಾನು ಒಳ್ಳೆಯವನಾಗುತ್ತಾ ಬಂದಿದ್ದೇನೆ. ಮೊದಲ ಸಲ ಹೇಳಿದಾಗ ನಾನು ನಕ್ಕಿದ್ದೆ. ಮೂರನೆಯ ಸಲಕ್ಕೆ ಮುಗುಳ್ನಕ್ಕಿದ್ದೆ. ಕಳೆದ ವರ್ಷ ಹೇಳಿದಾಗ ನಗು ಪೂರ್ತಿ ಇನ್ನೊಬ್ಬರ ಪಾಲಿಗೆ ಹೋಗಿತ್ತು. ಹಾಗಾಗಿ ಬರೆಯುವಾಗಲಾದರೂ ಗೊತ್ತಿರುವುದನ್ನು ಗೊತ್ತಿದೆ ಎಂದೂ, ಊಹೆಯನ್ನು ಊಹೆ ಎಂದೂ ಬರೆಯಲು ಪ್ರಯತ್ನಿಸುತ್ತೇನೆ.

ಅದು 2018. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಪಾಠ ಹೇಳಿ, ಅಲ್ಲಿ ಯಾರೊಂದಿಗೂ ಹೊಂದಿಕೆಯಾಗದೆ ಬಿಟ್ಟುಬಂದ ಮೇಲೆ ನಾನು ಬಸವೇಶ್ವರನಗರದಲ್ಲಿ ಹಳೆಯ ಆಡಿಯೊ ಸಾಮಾನುಗಳ ರಿಪೇರಿ ಮತ್ತು ಮಾರಾಟ ಶುರುಮಾಡಿದ್ದೆ. ಮನೆಯ ಕಾರ್ ಶೆಡ್ಡೇ ಅಂಗಡಿ. ಆಂಪ್ಲಿಫೈಯರ್, ಟರ್ನ್‌ಟೇಬಲ್, ಸ್ಪೀಕರ್. ಬರುವವರು ಹೆಚ್ಚಾಗಿ ನಲವತ್ತು ದಾಟಿದ ಗಂಡಸರು. ಅವರಲ್ಲಿ ಅರ್ಧದಷ್ಟು ಜನ ಕೊಳ್ಳುವುದಕ್ಕಲ್ಲ, ವಾದ ಮಾಡುವುದಕ್ಕೆ ಬರುತ್ತಿದ್ದರು. ಸಾವಿರಗಟ್ಟಲೆ ಕೊಟ್ಟು ತಂದ ವೈರಿನಿಂದ ಶಬ್ದ ಸಿಹಿಯಾಯಿತು ಎನ್ನುವವರನ್ನು ಕಣ್ಣು ಮುಚ್ಚಿಸಿ ಕೂರಿಸಿ, ಎರಡು ವೈರುಗಳಲ್ಲಿ ಯಾವುದು ಯಾವುದೆಂದು ಹೇಳಿ ನೋಡೋಣ ಎಂದು ಪರೀಕ್ಷಿಸುವುದು ನನಗೆ ಬಹಳ ಇಷ್ಟವಾದ ಆಟ. ಹತ್ತರಲ್ಲಿ ಒಂಬತ್ತು ಜನ ಸೋಲುತ್ತಿದ್ದರು. ಕಿವಿ ಸುಳ್ಳು ಹೇಳುತ್ತದೆ, ಅಳತೆ ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದೆ ಅಂತ ಕಾಣುತ್ತದೆ.

ಆ ವರ್ಷ ನನ್ನ ಕೈಗೆ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್ ಬಂತು. ಪುಸ್ತಕದ ಕಪಾಟಿನಲ್ಲಿ ಇಡಬಹುದಾದಷ್ಟು ಚಿಕ್ಕ ಪೆಟ್ಟಿಗೆಗಳಾದ್ದರಿಂದ ಆ ಹೆಸರು. ಎಪ್ಪತ್ತರ ದಶಕದ ಜಪಾನಿ ಮಾಲು, ವಾಲ್‌ನಟ್ ಮರದ ಹೊದಿಕೆ. ಒಳಗೆ ಮಂದ್ರ ಮತ್ತು ಮಧ್ಯದ ಸ್ವರಗಳಿಗೊಂದು ದೊಡ್ಡ ಕೋನ್, ಅದಕ್ಕೆ ವೂಫರ್ ಎನ್ನುತ್ತಾರೆ. ತಾರದ ಸ್ವರಗಳಿಗೊಂದು ಚಿಕ್ಕದು, ಟ್ವೀಟರ್. ಬಲಗಡೆಯ ಪೆಟ್ಟಿಗೆಯ ವೂಫರ್ ಸುತ್ತಲಿನ ಫೋಮ್ ಅಂಚು ಪುಡಿಪುಡಿಯಾಗಿತ್ತು. ವೂಫರನ್ನು ಹೊರತೆಗೆದು, ಹೊಸ ಅಂಚು ಅಂಟಿಸಿ, ತಂತಿಗೆ ಮತ್ತೆ ಬೆಸುಗೆ ಹಾಕಿ ಕೂರಿಸಿದೆ. ಕೆಲಸ ನೋಡುವುದಕ್ಕೆ ಚೆನ್ನಾಗಿ ಬಂದಿತ್ತು.

ಶಿವಮೂರ್ತಪ್ಪನವರು ಬಂದದ್ದು ಒಂದು ಶನಿವಾರ ಬೆಳಿಗ್ಗೆ, ಮಗಳು ಗಿರಿಜಾ ಜೊತೆಗೆ. ಎಪ್ಪತ್ತೊಂದು ವರ್ಷ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ರಾಣೆಬೆನ್ನೂರಿನ ಕಡೆಯವರು, ರಾಜಾಜಿನಗರದಲ್ಲಿ ಮೂವತ್ತೆಂಟು ವರ್ಷ ಹಾರ್ಮೋನಿಯಂ ರಿಪೇರಿ ಮತ್ತು ಶ್ರುತಿ ಮಾಡುವ ಕೆಲಸ ಮಾಡಿದವರು. ಈಗ ಹೇರೋಹಳ್ಳಿಯಲ್ಲಿ ಮಗಳ ಮನೆಯ ಕೆಳಗಿನ ಕೋಣೆಯಲ್ಲಿ ಅದೇ ಕೆಲಸ. ಬೆಂಗಳೂರಿನ ಪಶ್ಚಿಮದ ಮಠಗಳು, ಭಜನಾ ಮಂಡಳಿಗಳು, ಸಂಗೀತ ಶಾಲೆಗಳು ಎಲ್ಲ ಅವರ ಗಿರಾಕಿಗಳು. ಇಷ್ಟನ್ನು ಮಗಳು ಹೇಳಿದಳು. ಮಗಳು ಶಾಲೆಯೊಂದರಲ್ಲಿ ಟೀಚರು.

ಸ್ಪೀಕರ್ ಯಾಕೆ ಬೇಕು ಎಂಬುದನ್ನು ಮಾತ್ರ ಅವರೇ ಹೇಳಿದರು. ಆ ಬೇಸಿಗೆಯಲ್ಲಿ ಗಿರಾಕಿಯೊಬ್ಬರು, ಶಿವಮೂರ್ತಪ್ಪನವರು ಶ್ರುತಿ ಮಾಡಿದ ಹಾರ್ಮೋನಿಯಂ ಕಿರ್ ಎನ್ನುತ್ತದೆ ಎಂದು ವಾಪಸ್ಸು ತಂದಿದ್ದರಂತೆ. ಅವರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ, ಆದರೆ ಮನಸ್ಸಿನಲ್ಲಿ ಒಂದು ಹುಳ ಹೊಕ್ಕಿತು. ಈಗ ಸುಂಕದಕಟ್ಟೆಯ ಸಂಗೀತ ಶಾಲೆಯೊಂದರಿಂದ ಒಂಬತ್ತು ಹಾರ್ಮೋನಿಯಂ ಬಂದು ಕೋಣೆಯಲ್ಲಿ ಕುಳಿತಿವೆ. ಮುಟ್ಟುವ ಮೊದಲು ತಮ್ಮ ಕಿವಿಯನ್ನು ತಾವೇ ಒಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕು, ಒಳ್ಳೆಯ ಸ್ಪೀಕರಿನಲ್ಲಿ ತಮಗೆ ಚೆನ್ನಾಗಿ ಗೊತ್ತಿರುವ ಹಾಡು ಕೇಳಬೇಕು.

"ಕಿವಿ ನೆಟ್ಟಗದಾವು ಅನ್ನೂದು ಖಾತ್ರಿ ಆದ್ರ ಸೋಮವಾರ ಕೆಲಸ ಹಿಡೀತೀನಿ ಸರ. ಇಲ್ಲಂದ್ರ ಪೇಟಿ ಹೊಳ್ಳಿ ಕಳಸಿಬಿಡ್ತೀನಿ" ಎಂದರು. ಅವರ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ.

ಈ ವ್ಯಾಪಾರದಲ್ಲಿ ಕೊಳ್ಳುವವರು ತಮ್ಮದೇ ಹಾಡು ತರುವುದು ವಾಡಿಕೆ. ಅವರು ಒಂದು ಸಿ.ಡಿ. ತಂದಿದ್ದರು: ಒಬ್ಬ ಹಿರಿಯ ಗಾಯಕಿಯ ವಚನಗಾಯನ, ಜೊತೆಗೆ ತಬಲಾ, ಹಾರ್ಮೋನಿಯಂ. ಆ ಹಾರ್ಮೋನಿಯಂ ಶ್ರುತಿ ಮಾಡಿದ್ದು ಅವರೇ. ಧ್ವನಿಮುದ್ರಣದ ದಿನ ಸ್ಟುಡಿಯೊದಲ್ಲಿ ಇದ್ದರಂತೆ. ಹಾಕಿದೆ. ಅವರು ಕುರ್ಚಿ ಬೇಡವೆಂದು ನೆಲದ ಮೇಲೆ, ಎರಡು ಸ್ಪೀಕರುಗಳ ಎದುರು ಸರಿಯಾಗಿ ಮಧ್ಯದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. ಕಣ್ಣು ಮುಚ್ಚಿದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಕಣ್ಣು ಬಿಟ್ಟರು.

"ನಡುವ ಯಾರೂ ಇಲ್ಲಲ್ಲ ಸರ" ಎಂದರು. "ಆ ತಾಯಿ ನಡುವ ಕುಂತಿದ್ರು, ನಾ ಅಲ್ಲೇ ಇದ್ದೆ. ಇಲ್ಲಿ ಎರಡೂ ಕಡೆ ಗ್ವಾಡಿಯೊಳಗಿಂದ ಹಾಡಿದಂಗ ಆಗ್ತೈತಿ. ತಬಲಾದಾಗೂ ಹೊಟ್ಟಿ ಇಲ್ಲ."

ಅಂಗಡಿಯಲ್ಲಿ ಆಗ ಇನ್ನೊಬ್ಬರಿದ್ದರು: ಪ್ರಕಾಶ್, ಬ್ಯಾಂಕ್ ಉದ್ಯೋಗಿ, ಪ್ರತಿ ಶನಿವಾರ ಬಂದು ಕೂರುವವರು. ಅವರ ಎದುರು ನನ್ನ ಕೆಲಸದ ಬಗ್ಗೆ ಪಂಚೆಯುಟ್ಟ ಮುದುಕರೊಬ್ಬರು ಹೀಗೆ ಹೇಳಿದ್ದು ನನಗೆ ಹಿಡಿಸಲಿಲ್ಲ. ಇದು ಊಹೆಯಲ್ಲ, ಚೆನ್ನಾಗಿ ನೆನಪಿದೆ. ಸ್ಟುಡಿಯೊದಲ್ಲಿ ಯಾರು ಎಲ್ಲಿ ಕುಳಿತಿದ್ದರು ಎಂಬುದು ಇಷ್ಟು ವರ್ಷದ ಮೇಲೆ ನಿಮಗೆ ಹೇಗೆ ನೆನಪಿರುತ್ತದೆ, ನೆನಪು ಸಾಕ್ಷಿಯಲ್ಲ ಯಜಮಾನ್ರೇ ಎಂದೆ. ಅವರು ತಲೆಯಾಡಿಸಿದರು, ಆದರೆ ಒಪ್ಪಿಕೊಂಡಂತೆ ಕಾಣಲಿಲ್ಲ. ಇನ್ನೊಮ್ಮೆ ಹಾಕಿ ಎಂದರು. ಹಾಕಿದೆ. ಮತ್ತೆ ಅದೇ ಮಾತು.

ಆಗ ಒಂದು ತಮಾಷೆಯ ಮಾತು ಬಂತು. "ಮಧ್ಯದಲ್ಲಿ ಯಾರೂ ಇಲ್ಲ ಅಂದ್ರೆ ಒಂದು ಕುರ್ಚಿ ಹಾಕ್ಸಿ ಯಾರನ್ನಾದ್ರೂ ಕೂರಿಸೋಣ ಬಿಡಿ ಯಜಮಾನ್ರೇ." ಇದನ್ನು ಹೇಳಿದ್ದು ಪ್ರಕಾಶ್ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಈಚೆಗೆ ಅವರನ್ನೇ ಕೇಳಿದೆ. ಅವರು, "ಆ ಮಾತು ಅಂದಿದ್ದು ನೀವು ಸಾರ್. ನಾನು ನಕ್ಕಿದ್ದು ಹೌದು" ಎಂದರು.

ಆಮೇಲೆ ನಾನು ಫೋನ್ ತೆಗೆದೆ. ಅದರಲ್ಲಿ ಟೋನ್ ಜನರೇಟರ್ ಎಂಬ ಆಪ್ ಇತ್ತು. ಬೇಕಾದ ಕಂಪನದ ಒಂದೇ ಸ್ವರ ಹೊರಡಿಸುತ್ತದೆ. ಕಂಪನವನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂದು. ಎಳೆಯ ಕಿವಿ ಇಪ್ಪತ್ತು ಸಾವಿರದ ಹತ್ತಿರದವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನ ತುದಿ ಕರಗುತ್ತದೆ. ಎಪ್ಪತ್ತರ ಕಿವಿಗೆ ಹತ್ತು ಸಾವಿರ ದಾಟುವುದು ಕಷ್ಟ. ಇದು ಎಲ್ಲರಿಗೂ ಆಗುವಂಥದ್ದು. ಹಾರ್ಮೋನಿಯಂ ಶ್ರುತಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಾರ್ಮೋನಿಯಂನ ಅತಿ ಎತ್ತರದ ಸ್ವರದ ಮೂಲ ಕಂಪನವೂ ಒಂದೆರಡು ಸಾವಿರದ ಆಸುಪಾಸು. ಸ್ವರ ಹೊರಡಿಸುವ ಹಿತ್ತಾಳೆಯ ಪುಟ್ಟ ನಾಲಗೆಗಳಿಗೆ ರೀಡು ಎನ್ನುತ್ತಾರೆ; ಎರಡು ರೀಡುಗಳ ಕಂಪನದಲ್ಲಿ ಚೂರು ವ್ಯತ್ಯಾಸವಿದ್ದರೆ ಶಬ್ದ ಅಲೆಯಂತೆ ಏರಿಳಿಯುತ್ತದೆ. ಆ ಅಲೆ ನಿಲ್ಲುವವರೆಗೆ ರೀಡನ್ನು ಕೂದಲೆಳೆಯಷ್ಟು ಕೆರೆಯುವುದೇ ಆ ಕೆಲಸ. ಅದಕ್ಕೆ ಬೇಕಾದ ಕಿವಿ ಬೇರೆ. ಇದೆಲ್ಲ ನನಗೆ ಅಂದೂ ಗೊತ್ತಿತ್ತು, ಹನ್ನೊಂದು ವರ್ಷ ಪಾಠ ಮಾಡಿದ್ದೆ. ಅವರಿಗೆ ಹೇಳಲಿಲ್ಲ.

ಎಂಟು ಸಾವಿರ ಹಾಕಿದೆ. "ಬಂತು" ಎಂದರು. ಒಂಬತ್ತು ಸಾವಿರ. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಸ್ವಲ್ಪ ತಡೆದು, ಬಂತು ಎಂದರು. ಹನ್ನೊಂದು ಸಾವಿರಕ್ಕೆ ಗಿರಿಜಾ ಮುಖ ಕಿವಿಚಿಕೊಂಡು ಕಿವಿ ಮುಚ್ಚಿಕೊಂಡಳು. ಅವರು ಮಗಳ ಕಡೆ ತಿರುಗಿ ನೋಡಿದರು. ಆಕೆಯ ಮುಖ ನೋಡಿಯೇ ಶಬ್ದ ಬರುತ್ತಿದೆ ಎಂದು ಅವರಿಗೆ ತಿಳಿದದ್ದು. "ಬಂತು, ಬಂತು" ಎಂದರು.

ಆಗ ನಾನು ವಾಲ್ಯೂಮ್ ಪೂರ್ತಿ ಇಳಿಸಿ ಸೊನ್ನೆಗೆ ತಂದೆ. ಅಂಕಿಯನ್ನು ಮಾತ್ರ ಹನ್ನೆರಡು ಸಾವಿರಕ್ಕೆ ಏರಿಸಿ, ಫೋನಿನ ಪರದೆ ಎತ್ತಿ ತೋರಿಸಿ, ಈಗ ಕೇಳುತ್ತದೆಯೇ ಎಂದೆ. ಪ್ರಯೋಗಶಾಲೆಯಲ್ಲಿ ಇದಕ್ಕೆ ಖಾಲಿ ಪರೀಕ್ಷೆ ಎನ್ನಬಹುದು. ಉತ್ತರಿಸುವವರು ನಿಜ ಹೇಳುತ್ತಿದ್ದಾರೋ ಊಹಿಸುತ್ತಿದ್ದಾರೋ ತಿಳಿಯಲು ಮಾಡುವ ಉಪಾಯ. ಶೆಡ್ಡಿನಲ್ಲಿ ಯಾವ ಶಬ್ದವೂ ಇರಲಿಲ್ಲ.

"ಬಂತ್ರಿ, ಸಣ್ಣಗ" ಎಂದರು ಶಿವಮೂರ್ತಪ್ಪ.

ಪ್ರಕಾಶ್ ನಕ್ಕರು. ನಾನು ಫೋನ್ ತಿರುಗಿಸಿ ವಾಲ್ಯೂಮಿನ ಗೆರೆ ತೋರಿಸಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗಿರಿಜಾ ನಕ್ಕಳೋ ಇಲ್ಲವೋ ನೆನಪಿಲ್ಲ. ನಕ್ಕಳೆಂದು ಒಂದು ಕಾಲದಲ್ಲಿ ನನಗೆ ಖಾತ್ರಿಯಿತ್ತು, ಈಗ ಆ ಖಾತ್ರಿ ನನ್ನ ಅನುಕೂಲಕ್ಕೆ ಹುಟ್ಟಿದ್ದೇನೋ ಎನ್ನಿಸುತ್ತದೆ. "ಅಪ್ಪಾಜಿ, ನಾನು ಹೇಳ್ತಾ ಇರಲಿಲ್ವಾ, ಟಿ.ವಿ. ಜೋರಾಗಿ ಇಡ್ತೀರಾ ಅಂತ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ದಿನದ ಚರ್ಚೆಯೊಂದು ಇತ್ಯರ್ಥವಾದ ನಿರಾಳ ಇತ್ತು.

ಅವರು ನೆಲದಿಂದ ಏಳಲು ಹೋಗಿ, ಮತ್ತೆ ಕುಳಿತುಕೊಂಡು, ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಎಷ್ಟು ವರ್ಷದಿಂದ ಹಿಂಗಾಗಿರಬೇಕು ಸರ?"

ಏನು ತಿಳಿದು ಹೇಳಿದೆನೋ. "ಹತ್ತು ವರ್ಷ ಆಗಿರುತ್ತೆ ಬಿಡಿ" ಎಂದೆ.

ಅವರು ಚೌಕಾಸಿ ಮಾಡದೆ, ಹೇಳಿದಷ್ಟು ಕೊಟ್ಟು ಸ್ಪೀಕರ್ ತೆಗೆದುಕೊಂಡರು. ತಪ್ಪು ತಮ್ಮದೆಂದು ಗೊತ್ತಾದ ಮೇಲೆ ಸ್ಪೀಕರನ್ನು ಬಿಟ್ಟು ಹೋಗುವುದು ಸರಿಯಲ್ಲ ಎಂದುಕೊಂಡಿರಬೇಕು. ಆಟೊದಲ್ಲಿ ಪೆಟ್ಟಿಗೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ನನಗೆ ಆ ದಿನ ಒಳ್ಳೆಯ ದಿನವೇ. ಪ್ರಕಾಶ್ ಮತ್ತು ನಾನು ಕಾಫಿ ಕುಡಿದೆವು.

ಮುಂದಿನ ವರ್ಷ, ಬೇಸಿಗೆ ರಜೆಯಲ್ಲಿ ಗಿರಿಜಾ ಒಬ್ಬಳೇ ಬಂದಳು. ಸ್ಪೀಕರುಗಳನ್ನು ವಾಪಸ್ಸು ತಂದಿದ್ದಳು. ಅಪ್ಪಾಜಿ ಈಗ ಯಾವ ಹಾಡನ್ನೂ ಕೇಳುವುದಿಲ್ಲ, ಸುಮ್ಮನೆ ಧೂಳು ತಿನ್ನುತ್ತಿವೆ, ಯಾರಿಗಾದರೂ ಕೊಡಿ ಎಂದಳು. ಕುಶಲ ವಿಚಾರಿಸಿದೆ. ಹೇಗಿದ್ದಾರೆ, ಕೆಲಸ ನಡೆದಿದೆಯೇ ಎಂದು ಮಾತಿಗೆ ಕೇಳಿದ್ದು.

"ನೀವು ಹತ್ತು ವರ್ಷ ಅಂದ್ರಲ್ಲ ಸಾರ್" ಎಂದಳು. "ಅದನ್ನೇ ಹಿಡ್ಕೊಂಡು ಊರೆಲ್ಲಾ ಸುತ್ತಿದ್ರು."

ನನಗೆ ತಕ್ಷಣ ತಿಳಿಯಲಿಲ್ಲ. ಆಕೆ ಬಿಡಿಸಿ ಹೇಳಿದಳು. ಸೋಮವಾರ ಒಂಬತ್ತು ಹಾರ್ಮೋನಿಯಂಗಳೂ ಸುಂಕದಕಟ್ಟೆಗೆ ವಾಪಸ್ಸು ಹೋದವು. ಅಷ್ಟಕ್ಕೆ ಬಿಡಲಿಲ್ಲ. ಹತ್ತು ವರ್ಷಗಳಲ್ಲಿ ತಾವು ಶ್ರುತಿ ಮಾಡಿದ ಹಾರ್ಮೋನಿಯಂಗಳು ಎಲ್ಲೆಲ್ಲಿ ಇವೆ ಎಂದು ನೆನಪು ಮಾಡಿಕೊಂಡು, ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಒಂದೊಂದೇ ಜಾಗಕ್ಕೆ ಹೋಗತೊಡಗಿದರು. ವಿಜಯನಗರ, ಕೆಂಗೇರಿ, ನಂದಿನಿ ಲೇಔಟ್. ಹೋದಲ್ಲೆಲ್ಲ ಒಂದೇ ಮಾತು: ನನ್ನ ಕಿವಿ ಕೆಟ್ಟು ಬಹಳ ವರ್ಷವಾಗಿದೆ, ನನಗೆ ಗೊತ್ತಾಗಲಿಲ್ಲ, ನಿಮ್ಮ ಪೇಟಿಯನ್ನು ಬೇರೆಯವರಿಗೆ ತೋರಿಸಿ, ತಪ್ಪಾಯಿತು. ಮೊದಲು ಎಲ್ಲರೂ ನಕ್ಕು, ಏನೂ ಆಗಿಲ್ಲ ಕೂತ್ಕೊಳ್ಳಿ, ಪ್ರಸಾದ ತಗೊಳ್ಳಿ ಎಂದರಂತೆ. ಆದರೆ ಮಾಡಿದವರೇ ಬಂದು ಕೈಮುಗಿದು ಹೇಳಿದ ಮೇಲೆ ಯಾರಿಗೆ ಅನುಮಾನ ಬರುವುದಿಲ್ಲ? ಒಬ್ಬೊಬ್ಬರಾಗಿ ಬೇರೆಯವರನ್ನು ಹುಡುಕಿಕೊಂಡರು. ಒಂದು ಭಜನಾ ಮಂಡಳಿಯವರು, ಅದುವರೆಗೆ ಎಂದೂ ತಕರಾರು ಮಾಡದಿದ್ದವರು, ಅದಕ್ಕೇ ನಮ್ಮ ಭಜನೆ ಇಷ್ಟು ವರ್ಷ ಸರಿಹೋಗುತ್ತಿರಲಿಲ್ಲ ಎಂದು ಅವರ ಮುಖದ ಮೇಲೆಯೇ ಹೇಳಿ ಕಳಿಸಿದ್ದರು. ಅವರು ಅದಕ್ಕೂ ತಪ್ಪಾಯಿತು ಎಂದು ಬಂದರಂತೆ. ಕೊನೆಗೆ ಅರ, ಚಿಮಟ, ರೀಡುಗಳ ಡಬ್ಬಿ ಎಲ್ಲವನ್ನೂ ಕೆಂಗೇರಿಯ ಒಬ್ಬ ರಿಪೇರಿಯವರಿಗೆ ಕೊಟ್ಟುಬಿಟ್ಟರು.

"ಕೆಲಸ ಬಿಡ್ಲಿ ಅಂತ ನನಗೂ ಇತ್ತು ಸಾರ್, ನೆಲದ ಮೇಲೆ ಕೂತು ಕೂತು ಮೊಣಕಾಲು ಹೋಗಿತ್ತು. ಆದ್ರೆ ಹೀಗಲ್ಲ" ಎಂದಳು ಗಿರಿಜಾ.

ಆಕೆ ಹೋದ ಮೇಲೆ, ಮರುಮಾರಾಟಕ್ಕೆ ಮೊದಲು ಮಾಡುವ ತಪಾಸಣೆ ಮಾಡಿದೆ. ಅದರಲ್ಲಿ ಒಂದು ಬಹಳ ಹಳೆಯ, ಬಹಳ ಸರಳ ಪರೀಕ್ಷೆಯಿದೆ. ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿನ ಹಿಂದಿನ ಕೆಂಪು, ಕಪ್ಪು ಟರ್ಮಿನಲ್‌ಗಳಿಗೆ ಒಂದು ಕ್ಷಣ ಮುಟ್ಟಿಸುವುದು. ವೂಫರಿನ ಕೋನ್ ಪಟ್ ಎಂದು ಹೊರಕ್ಕೆ ಜಿಗಿಯಬೇಕು. ಎರಡೂ ಪೆಟ್ಟಿಗೆಗಳಲ್ಲಿ ಒಂದೇ ದಿಕ್ಕಿಗೆ ಜಿಗಿದರೆ ಸರಿ. ಒಂದು ಹೊರಕ್ಕೂ ಇನ್ನೊಂದು ಒಳಕ್ಕೂ ಹೋದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ: ಮಂದ್ರ ಸ್ವರ ತೆಳುವಾಗುತ್ತದೆ, ಮಧ್ಯದಲ್ಲಿ ಕೇಳಿಸಬೇಕಾದ ದನಿ ಮಧ್ಯದಲ್ಲಿ ನಿಲ್ಲದೆ ಎರಡೂ ಬದಿಗೆ ಚದುರುತ್ತದೆ. ಇಂಗ್ಲಿಷಿನಲ್ಲಿ ಔಟ್ ಆಫ್ ಫೇಸ್ ಎನ್ನುತ್ತಾರೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಫೋಮ್ ಬದಲಿಸಿದಾಗ ಅದನ್ನು ಮಾಡಿರಲಿಲ್ಲ.

ಎಡಗಡೆಯ ಕೋನ್ ಹೊರಕ್ಕೆ ಬಂತು. ಬಲಗಡೆಯದು ಒಳಕ್ಕೆ ಹೋಯಿತು.

ಬಿಚ್ಚಿ ನೋಡಿದೆ. ವೂಫರಿನ ಹಿಂದೆ ತಂತಿ ಬೆಸೆಯುವ ಎರಡು ಟ್ಯಾಗುಗಳಿರುತ್ತವೆ. ಕೆಂಪು ತಂತಿ ಯಾವುದಕ್ಕೆ ಎಂದು ತಿಳಿಯಲು ಒಂದರ ಪಕ್ಕ ಕೆಂಪು ಚುಕ್ಕೆ ಇಟ್ಟಿರುತ್ತಾರೆ. ಇದರಲ್ಲಿ ಚುಕ್ಕೆ ಮಾಸಿಹೋಗಿತ್ತು. ಎಡಗಡೆಯ ಪೆಟ್ಟಿಗೆಯ ವೂಫರಿನೊಂದಿಗೆ ಹೋಲಿಸಿದೆ: ಕೆಂಪು ತಂತಿ ವೂಫರಿನ ಹಿಂದೆ ಅಂಟಿಸಿರುವ ಕಂಪನಿಯ ಚೀಟಿಯ ಬಲಕ್ಕಿರುವ ಟ್ಯಾಗಿನಲ್ಲಿರಬೇಕಿತ್ತು, ಎಡದ್ದರಲ್ಲಿತ್ತು. ಅಂಗಡಿಗೆ ಬರುವ ಗಂಡಸರೆಲ್ಲ ವೈರಿನ ಸಿಹಿ ಕಹಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದ ಜಾಗದಲ್ಲಿ, ನಿಜವಾದ ದೋಷವನ್ನು ಒಂದು ನಿಮಿಷದೊಳಗೆ ಹಿಡಿದು, ಅದರ ಲಕ್ಷಣವನ್ನು ತಪ್ಪಿಲ್ಲದೆ ಹೇಳಿದವರು ಒಬ್ಬರೇ.

ತಂತಿ ಸರಿಪಡಿಸಿ, ಮರುದಿನ ಬೆಳಿಗ್ಗೆ ಸ್ಪೀಕರುಗಳನ್ನೂ ಒಂದು ಆಂಪ್ಲಿಫೈಯರನ್ನೂ ಸಿ.ಡಿ. ಪ್ಲೇಯರನ್ನೂ ಹೊತ್ತುಕೊಂಡು ಹೇರೋಹಳ್ಳಿಗೆ ಹೋದೆ. ಜಲ್ಲಿ ಎದ್ದ ರಸ್ತೆಯ ಪಕ್ಕದ ಮನೆ. ಕೆಳಗಿನ ಕೋಣೆಯಲ್ಲಿ ಈಗ ನೀರಿನ ಕ್ಯಾನುಗಳು, ಒಂದು ಸೈಕಲ್ ಇದ್ದವು. ಅವರು ಮಹಡಿಯ ಮೇಲೆ ಕುರ್ಚಿಯಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಏಳಲು ಹೋದರು. ಇರುವುದನ್ನು ಇದ್ದಂತೆ ಹೇಳಿದೆ: ತಪ್ಪು ಸ್ಪೀಕರಿನದು, ಅಂದರೆ ನನ್ನದು, ನಿಮ್ಮ ಕಿವಿ ಸರಿಯಾಗಿತ್ತು, ಆ ಫೋನಿನ ಪರೀಕ್ಷೆಗೂ ಶ್ರುತಿಗೂ ಸಂಬಂಧವಿಲ್ಲ. ಸೆಲ್ ಹಿಡಿದು ಎರಡೂ ಕೋನ್ ಹೊರಕ್ಕೆ ಜಿಗಿಯುವುದನ್ನು ತೋರಿಸಿದೆ. ಅವರು ಗಮನವಿಟ್ಟು ನೋಡಿದರು. ಆಮೇಲೆ ಅದೇ ಸಿ.ಡಿ. ಹಾಕಿದೆ. ಗಾಯಕಿಯ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ, ಗೋಡೆಯ ಮುಂದೆ ಯಾರೋ ಕುಳಿತು ಹಾಡಿದಂತೆ ಬಂತು. ನನಗೆ ಕೇಳುತ್ತಿತ್ತು. ಬಾಗಿಲಲ್ಲಿ ನಿಂತ ಗಿರಿಜಾಗೂ ಕೇಳುತ್ತಿತ್ತು.

ಅವರು ಕಣ್ಣು ಮುಚ್ಚಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಚಲೋ ಐತಿ ಸರ" ಎಂದರು.

ಈಗ ಮಧ್ಯದಲ್ಲಿ ಕುಳಿತಿದ್ದಾರಾ ಎಂದು ಕೇಳಿದೆ.

"ಕುಂತಾರ ಅಂತ ನೀವಂದ್ರ ಕುಂತಾರ" ಎಂದರು.

ಇನ್ನೆರಡು ಸಲ ಹೋದೆ. ಕಿವಿಯ ಡಾಕ್ಟರ ಬಳಿ ಕರೆದೊಯ್ಯುತ್ತೇನೆ ಎಂದೆ, ಸುಂಕದಕಟ್ಟೆಯ ಶಾಲೆಯವರೊಂದಿಗೆ ನಾನೇ ಮಾತಾಡುತ್ತೇನೆ ಎಂದೆ. ನೀವು ದೊಡ್ಡ ಮನಸ್ಸು ಮಾಡಿ ಬರುತ್ತೀರಿ, ಅದೇ ಸಾಕು ಎಂದರು. ಮುದುಕನ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದೇ ತಿಳಿದಿದ್ದರು. ನಾನು ಮೊದಲ ಸಲ, ಅಂಗಡಿಯಲ್ಲಿ, ಯಂತ್ರ ತೋರಿಸಿ ರುಜುವಾತು ಮಾಡಿದ್ದೆ, ನಾಲ್ಕು ಜನರ ಎದುರು. ಎರಡನೆಯ ಸಲ ಅದನ್ನು ಅಳಿಸುವಷ್ಟು ದೊಡ್ಡ ಯಂತ್ರ ನನ್ನ ಬಳಿ ಇರಲಿಲ್ಲ. ಅವರ ಮನೆಗೆ ಮೂರನೆಯ ಸಲ ಹೋದಾಗ ಗಿರಿಜಾ, ಇನ್ನು ಬರಬೇಡಿ ಸಾರ್, ನೀವು ಬಂದು ಹೋದ ಮೇಲೆ ಅಪ್ಪಾಜಿ ಎರಡು ದಿನ ಊಟ ಸರಿಯಾಗಿ ಮಾಡುವುದಿಲ್ಲ ಎಂದಳು. ಮತ್ತೆ ಹೋಗಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದನ್ನು ಹೇಳಬೇಕಾದರೆ ಇಷ್ಟೇ: ಗಿರಾಕಿ ದೂರು ಹೇಳಿದರೆ ಮೊದಲು ಸಾಮಾನನ್ನು ಪರೀಕ್ಷಿಸು, ಆಮೇಲೂ ಗಿರಾಕಿಯನ್ನು ಪರೀಕ್ಷಿಸಬೇಡ. ಮನುಷ್ಯನ ಎದುರು ಅಳತೆಗೋಲು ಹಿಡಿಯುವವನು, ತಾನು ಅಳೆಯುತ್ತಿರುವುದು ಏನನ್ನು ಎಂದು ಒಮ್ಮೆಯಾದರೂ ತನ್ನನ್ನೇ ಕೇಳಿಕೊಳ್ಳಬೇಕು. ಈಗಲೂ ಅಂಗಡಿಯಿದೆ. ಕಣ್ಣು ಮುಚ್ಚಿಸುವ ಆಟ ನಿಲ್ಲಿಸಿದ್ದೇನೆ. ಆದರೆ ಪಾಠ ಕಲಿತವನು ನಾನು, ಅದರ ಬೆಲೆ ತೆತ್ತವರು ಇನ್ನೊಬ್ಬರು. ಹೀಗಿರುವಾಗ ಅದನ್ನು ಪಾಠ ಎಂದು ಕರೆಯುವುದಕ್ಕೂ ಸಂಕೋಚವಾಗುತ್ತದೆ.

ಅನುಮಾನ ಪಡುವುದು ನನ್ನ ಸ್ವಭಾವ, ಅದು ನನ್ನ ಪರವಾಗಿಯೂ ಕೆಲಸ ಮಾಡುತ್ತದೆ. ಬಹಳ ಕಾಲ ನಾನು ಒಂದು ಸಾಧ್ಯತೆಯನ್ನು ಹಿಡಿದುಕೊಂಡಿದ್ದೆ: ಸ್ಪೀಕರುಗಳು ಒಂದು ವರ್ಷ ಅವರ ಮನೆಯಲ್ಲಿದ್ದವು. ಆ ಒಂದು ವರ್ಷದಲ್ಲಿ ಯಾರೋ ಎಲೆಕ್ಟ್ರಿಷಿಯನ್ ಬಿಚ್ಚಿ ತಂತಿ ಅದಲುಬದಲು ಮಾಡಿರಬಹುದಲ್ಲ? ಹಾಗಾಗಿದ್ದರೆ ಅಂದು ಅಂಗಡಿಯಲ್ಲಿ ಎಲ್ಲವೂ ಸರಿಯಿತ್ತು, ಅವರಿಗೆ ನಿಜಕ್ಕೂ ಕೇಳಿಸಿರಲಿಲ್ಲ. ಸಾಧ್ಯತೆ ಸಣ್ಣದು. ಆದರೆ ರಾತ್ರಿ ನಿದ್ದೆ ಬರಲು ಅಷ್ಟು ಸಾಕಾಗುತ್ತಿತ್ತು.

ಹಳೆಯ ಆಡಿಯೊ ಪ್ರಿಯರ ಒಂದು ವಾಟ್ಸಾಪ್ ಗುಂಪಿನಲ್ಲಿ ನಾನಿದ್ದೇನೆ. ಫೋಮ್ ಬದಲಿಸಿದ ದಿನ, ತಂತಿ ಬೆಸೆದ ಮೇಲೆ ಪೆಟ್ಟಿಗೆಯಲ್ಲಿ ಕೂರಿಸುವ ಮೊದಲು, ಆ ವೂಫರಿನ ಹಿಂಬದಿಯ ಫೋಟೊ ತೆಗೆದು ಅಲ್ಲಿ ಹಾಕಿದ್ದೆನೇನೋ ಎಂದು ಈ ಲೇಖನ ಬರೆಯಲು ಕೂತಾಗ ಹೊಳೆಯಿತು. ನನ್ನ ಆಗಿನ ಫೋನ್ ಈಗಿಲ್ಲ. ಯಾವುದನ್ನೂ ಅಳಿಸದ ಹಳೆಯ ಸದಸ್ಯರೊಬ್ಬರನ್ನು ಕೇಳಿದೆ. ಅವರು ಹುಡುಕಿ ಕಳಿಸಿದರು. ಶಿವಮೂರ್ತಪ್ಪನವರು ಬಂದ ಶನಿವಾರಕ್ಕೆ ಮೂರು ದಿನ ಮೊದಲು, ಬುಧವಾರ ಸಂಜೆ ನಾನೇ ಹಾಕಿದ ಫೋಟೊ. ಕೆಳಗೆ ಹನ್ನೆರಡು ಜನ ಹೆಬ್ಬೆರಳು ಎತ್ತಿದ್ದಾರೆ. ದೊಡ್ಡದು ಮಾಡಿ ನೋಡಿದೆ. ಕೆಂಪು ತಂತಿ ಚೀಟಿಯ ಎಡಗಡೆಯ ಟ್ಯಾಗಿನಲ್ಲಿದೆ.